ಕಮಲಾಕರನಿಗೆ ಬೋಣಿ ಇಲ್ಲ

ಭಟ್ಕಳದ ಸೈಬರ್ ಸೆಂಟರಿನಲ್ಲಿ ನೀಲಾಳನ್ನು ಕಂಡವರೆಲ್ಲ ಅವಳನ್ನು ಮೆತ್ತಗಿನ ಹುಡುಗಿ ಎಂದುಕೊಂಡಿದ್ದರು. ಅವಳು ಮಾತಾಡಿದರೆ ಪಕ್ಕದ ಕುರ್ಚಿಯವರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಗಿರಾಕಿಗಳು ಏನಾದರೂ ಕೇಳಿದರೆ ಬಾಯಿ ತೆರೆಯುವ ಬದಲು ಬೆರಳಿನಿಂದ ಪರದೆ ತೋರಿಸುತ್ತಿದ್ದಳು. ಸೆಂಟರಿನ ಮಾಲಕರಾದ ಮುಜಾಫರ್ ಸಾಹೇಬರು, "ನಮ್ಮ ನೀಲಾಗಿಂತ ಅವಳ ಕೀಬೋರ್ಡಿಗೇ ಜಾಸ್ತಿ ಮಾತು," ಎಂದು ತಮಾಷೆ ಮಾಡುತ್ತಿದ್ದರು. ಇದೇ ನೀಲಾಳ ಸ್ವರ ಒಂದು ಕಾಲದಲ್ಲಿ ಕುಮಟೆಯಿಂದ ಭಟ್ಕಳದವರೆಗೆ ಹೆದ್ದಾರಿಯ ಎರಡೂ ಬದಿಯ ಮನೆಗಳಿಗೆ ಕೇಳುತ್ತಿತ್ತು ಎಂದು ಯಾರಾದರೂ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಅವಳಂತೂ ಹೇಳಲಿಲ್ಲ.

ಆ ಸ್ವರ ಅವಳಿಗೆ ತಾಯಿಯಿಂದ ಬಂದದ್ದು. ತಾಯಿ ಹೊನ್ನಮ್ಮ ಕಾಗಾಲದ ಹೊಳೆಯಂಚಿನ ಕೇರಿಯವಳು. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಕುಮಟೆಗೆ ಹೋಗುವಾಗ ದಾರಿಯ ಮನೆಗಳ ಮುಂದೆ, "ತಾರ್ಲೆ ಬಂತು, ಬಂಗಡೆ ಬಂತು," ಎಂದು ಅವಳು ಕೂಗಿದರೆ ಒಳಗಿನ ಕೋಣೆಯಲ್ಲಿ ಮಲಗಿದ ಮುದುಕರೂ ಎದ್ದು ಕೂರುತ್ತಿದ್ದರು. ಬೆಕ್ಕುಗಳಂತೂ ಮೊದಲೇ ಗೇಟಿನಲ್ಲಿ ಕಾಯುತ್ತಿದ್ದವು. ನೀಲಾ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಬಿದ್ದು ಶಾಲೆ ಬಿಟ್ಟ ಮೇಲೆ ತಾಯಿಯ ಹಿಂದೆ ಹೋಗತೊಡಗಿದಳು. ಬುಟ್ಟಿಯನ್ನು ತಾಯಿಯ ತಲೆಗೆ ಎತ್ತಿಕೊಡುವುದು ಅವಳ ಕೆಲಸ. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ. ಇನ್ನೊಂದು ಜೊತೆ ಕೈ ಬೇಕೇ ಬೇಕು. ಯಾರ ಕೈ ಎಂಬುದನ್ನು ಮೀನು ಮಾರುವ ಹೆಂಗಸರು ನೋಡುತ್ತಾರೆ. ಮನಸ್ಸಿಗೆ ಆಗದವರ ಕೈಯಿಂದ ಬುಟ್ಟಿ ಎತ್ತಿಸಿಕೊಂಡರೆ ಆ ದಿನ ಮೀನು ಉಳಿಯುತ್ತದೆ ಎಂಬುದು ಅವರ ನಂಬಿಕೆ.

ಕಮಲಾಕರ ಅವಳ ಸ್ವರವನ್ನು ಮೊದಲು ಕೇಳಿದ್ದು ಕೇರಿಯ ಒಂದು ಮದುವೆಯಲ್ಲಿ. ಕುಮಟೆಯಲ್ಲಿ ಅವನದು ಲೈಟು, ಮೈಕು ಬಾಡಿಗೆಗೆ ಕೊಡುವ ಅಂಗಡಿ. ಮದುವೆಗೆ ಮೈಕು ಕಟ್ಟಲು ಬಂದವನು, ಇನ್ನೂ ಕರೆಂಟು ಬರುವ ಮೊದಲೇ ಚಪ್ಪರದಾಚೆಯಿಂದ ಹುಡುಗಿಯೊಬ್ಬಳು ಹಾಡು ಎತ್ತಿದ್ದನ್ನು ಕೇಳಿ ಕೈಯಲ್ಲಿದ್ದ ವೈರನ್ನು ಹಾಗೇ ಹಿಡಿದು ನಿಂತನಂತೆ. ಅದು ತೊಂಬತ್ತೆಂಟನೆಯ ಇಸವಿ. ಮಾರನೆಯ ವಾರ ಅವನೇ ಮನೆಗೆ ಬಂದು, "ಹೊನ್ನಮ್ಮ, ನಿನ್ನ ಮಗಳನ್ನು ನಂಗೆ ಕೊಡು," ಎಂದ.

"ಎಂತ, ಸಾವ್ಕಾರ್ರಿಗೆ ಎರಡನೇ ಮದಿಯಾ?" ಎಂದಳು ಹೊನ್ನಮ್ಮ.

"ಮದುವೆ ಅಲ್ಲ ಮಾರಾಯ್ತಿ. ಅದರ ಸ್ವರ ಸಾಕು ನಂಗೆ."

ಎಲ್ಲರೂ ನಕ್ಕರು. ನೀಲಾ ಆ ಮಾತನ್ನು ಮುಂದೆ ಎಷ್ಟೋ ಸಲ ನೆನೆಸಿಕೊಂಡಳು. ಅವನು ಅಂದು ಸುಳ್ಳು ಹೇಳಿರಲಿಲ್ಲ.

ಅಂಗಡಿಯ ಹಿಂದಿನ ಸಣ್ಣ ಕೋಣೆಯ ಗೋಡೆಗೆ ಹಳೆಯ ಹಾಸಿಗೆಗಳನ್ನು ಆನಿಸಿ ಇಟ್ಟಿದ್ದ. ನಡುವೆ ಮೈಕು, ಪಕ್ಕದಲ್ಲಿ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್. ನೀಲಾ ಚೀಟಿ ನೋಡಿಕೊಂಡು ಓದುತ್ತಿದ್ದಳು. ಸೀರೆ ಅಂಗಡಿಯ ರಿಯಾಯಿತಿಗೆ, "ಮಹಿಳೆಯರೇ, ದಯವಿಟ್ಟು ಗಮನಿಸಿ." ಫಿನಾಯಿಲು ಮಾರುವವನಿಗೆ, "ಕೆಟ್ಟ ವಾಸನೆಯೇ? ಇನ್ನು ಮೂಗು ಮುಚ್ಚಿಕೊಂಡು ಬದುಕಬೇಡಿ." ಊಟದ ಹೋಟೆಲಿಗೆ, "ತಾಜಾ ಮೀನು." ಬಸ್ ಸ್ಟ್ಯಾಂಡಿನ ಹತ್ತಿರದ ದರ್ಜಿ ಅಂಗಡಿ ಬೇರೆ ಕಟ್ಟಡಕ್ಕೆ ಹೋದಾಗ, "ಸೋಮವಾರದಿಂದ ಗೋಳಿಮರದ ಬುಡದಿಂದ ಹೊಸ ಜಾಗಕ್ಕೆ." ಒಂದೊಂದು ಸಾಲನ್ನೂ ಅವಳು ಸರಿಯಾಗುವವರೆಗೆ ಓದುತ್ತಿದ್ದಳು. ಆ ಕ್ಯಾಸೆಟ್ ಹಾಕಿಕೊಂಡು ಕಮಲಾಕರನ ಪ್ರಚಾರದ ರಿಕ್ಷಾ ಹಿರೇಗುತ್ತಿಯಿಂದ ಹಿಡಿದು ಹೊನ್ನಾವರ ದಾಟಿ ಭಟ್ಕಳದವರೆಗೂ ಹೋಗುತ್ತಿತ್ತು.

ಕೇರಿಯವರು ರಿಕ್ಷಾದ ಒಳಗೆ ನೀಲಾ ಕೂತಿದ್ದಾಳೆ ಎಂದೇ ತಿಳಿದಿದ್ದರು. ಮಕ್ಕಳು ಅವಳ ಹೆಸರು ಕೂಗುತ್ತ ರಿಕ್ಷಾದ ಹಿಂದೆ ಓಡುತ್ತಿದ್ದರು. "ಇವತ್ತು ಮಿರ್ಜಾನದಲ್ಲಿ ನಿನ್ನ ಸ್ವರ ಕೇಳಿತ್ತು. ಬಿಸಿಲಲ್ಲಿ ತಿರಗ್ತೆ, ತಲಿಗೆ ಬಟ್ಟೆ ಹಾಕ್ಕಣೆ," ಎಂದು ಹೆಂಗಸರು ಬುದ್ಧಿ ಹೇಳುತ್ತಿದ್ದರು. ನಾನು ಅಲ್ಲಿ ಇರಲಿಲ್ಲ ಎಂದು ನೀಲಾ ಯಾರಿಗೂ ಹೇಳಲಿಲ್ಲ. ಹಾಗೆ ಅವರು ತಿಳಿಯುವುದು ಅವಳಿಗೆ ಇಷ್ಟವಾಗಿತ್ತು.

ಮರುವರ್ಷ ಕಮಲಾಕರ ಬಸ್ ಸ್ಟ್ಯಾಂಡಿನ ಹತ್ತಿರದ ಅದೇ ಗೋಳಿಮರದ ಸುತ್ತಲಿನ ಜಾಗ ಕೊಂಡ. ಅಲ್ಲಿ ಅಂಗಡಿಗಳ ಕಟ್ಟಡ ಎಬ್ಬಿಸುವುದು ಅವನ ಯೋಚನೆ. ಆದರೆ ಮರದ ಬುಡದಲ್ಲಿ ಹೊನ್ನಮ್ಮ, ಗಂಗಜ್ಜಿ ಮೊದಲಾದ ಹೆಂಗಸರು ಮೀನು ಇಟ್ಟುಕೊಂಡು ಕೂರುತ್ತಿದ್ದರು. ಅವರ ಅತ್ತೆಯರೂ ಅಲ್ಲೇ ಕೂತವರು. ಕಮಲಾಕರ ನೋಟಿಸು ಕೊಟ್ಟ. ಗಂಗಜ್ಜಿ ಅದರಲ್ಲಿ ಸಿಗಡಿ ಕಟ್ಟಿ ಗಿರಾಕಿಗೆ ಕೊಟ್ಟಳು. ಬೈದ. ಅವರು ಅವನಿಗಿಂತ ಚೆನ್ನಾಗಿ ಬೈದರು. ಕೈಮುಗಿದ. "ಬೋಣಿ ಮಾಡಿ ಹೋಗಿ ಸಾವ್ಕಾರ್ರೆ, ದೇವ್ರು ಒಳ್ಳೇದು ಮಾಡ್ತ," ಎಂದರು. ದಿನದ ಮೊದಲ ಮಾರಾಟವೇ ಬೋಣಿ. ಅದನ್ನು ಒಳ್ಳೆಯ ಕೈಯವರಿಂದ ಮಾಡಿಸಬೇಕು. ಜಗಳದ ನಡುವೆಯೂ ಅವನ ಕೈಯನ್ನು ಅವರು ಒಳ್ಳೆಯದೆಂದೇ ಲೆಕ್ಕ ಹಿಡಿದಿದ್ದರು.

ಒಂದು ಶನಿವಾರ ಕಮಲಾಕರ ನೀಲಾಳನ್ನು ಮೈಕು ರಿಪೇರಿಗೆಂದು ಹೊನ್ನಾವರಕ್ಕೆ ಕಳಿಸಿದ. ಅವಳು ಮಧ್ಯಾಹ್ನದ ಬಸ್ಸಿನಲ್ಲಿ ಬಂದು ಇಳಿದಾಗ ಗೋಳಿಮರದ ಬುಡ ಖಾಲಿ. ಒದ್ದೆ ನೆಲ, ಒಂದೆರಡು ಕಾಗೆ. ಏನೋ ಕಾಯಿಲೆಯೋ ಸಾವೋ ಆಗಿದೆ ಎಂದು ಓಡುತ್ತ ಮನೆಗೆ ಹೋದಳು. ಅಂಗಳದಲ್ಲಿ ಬುಟ್ಟಿ ತೊಳೆದು ಬೋರಲು ಹಾಕಿತ್ತು. ಹೊನ್ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

"ಅವ್ವಿ, ಎಂತ ಆತು?"

"ನೀನೇ ಹೇಳಿದ್ಯಲ್ಲೆ. ಎದ್ದು ಬಂದ್ವು."

"ನಾ ಎಂತ ಹೇಳ್ದೆ?"

ಹೊನ್ನಮ್ಮ ಮಗಳ ಮುಖವನ್ನು ನೋಡದೆ ಹೇಳಿದಳು. ರಿಕ್ಷಾ ಬೆಳಿಗ್ಗೆಯಿಂದ ಮರದ ಸುತ್ತ ಸುತ್ತುತ್ತಿತ್ತು. ಮಹಿಳೆಯರೇ, ದಯವಿಟ್ಟು ಗಮನಿಸಿ. ಮೀನು. ಕೆಟ್ಟ ವಾಸನೆ. ಮೂಗು ಮುಚ್ಚಿಕೊಂಡು ಬದುಕಬೇಡಿ. ಸೋಮವಾರದಿಂದ ಗೋಳಿಮರದ ಬುಡದಿಂದ ಹೊಸ ಜಾಗಕ್ಕೆ. ಬಸ್ಸಿಗೆ ನಿಂತ ಜನ ನಗಾಡಿದರು. ಹೆಂಗಸರು ಮೊದಲು ಹೊನ್ನಮ್ಮನ ಮುಖ ನೋಡಿದರು. ಆಮೇಲೆ ಗಂಗಜ್ಜಿ, "ಹೊಟ್ಟಿಲಿ ಹುಟ್ಟಿದ್ದೇ ನಾರ್ತು ಅಂದ್ರೆ ಇನ್ನು ಯಾರಿಗೆ ಜಗಳ ಮಾಡುದು," ಎಂದು ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು.

ನೀಲಾಳಿಗೆ ಒಂದೊಂದು ತುಂಡೂ ಎಲ್ಲಿಂದ ಬಂತು ಎಂದು ತಕ್ಷಣ ಗೊತ್ತಾಯಿತು. "ಅದು ಕತ್ತರಿಸಿ ಜೋಡಿಸಿದ್ದು ಅವ್ವಿ. ನಾ ಬೇರೆ ಬೇರೆ ಹೇಳಿದ್ದನ್ನು ಅಂವ ಒಟ್ಟು ಮಾಡಿದ್ದು."

"ಸ್ವರ ನಿಂದೇ ಅಲ್ದಾ?"

"ನಂದೇ."

"ಮತ್ತೆ ಎಂತ? ಕ್ಯಾಸೆಟ್ಟು ಹಾಡಿದ್ದನ್ನ ಹಾಡ್ತದೆ. ಹಾಡದ್ದನ್ನ ಹ್ಯಾಂಗೆ ಹಾಡ್ತದೆ?"

ಇದಕ್ಕೆ ಉತ್ತರ ಕೊಡಲು ನೀಲಾ ಅಂದೇ ಕಮಲಾಕರನ ಅಂಗಡಿಗೆ ಹೋಗಿ ಆ ಕ್ಯಾಸೆಟ್ ಕೊಡಿ ಎಂದಳು. ತಾಯಿಯ ಮುಂದೆ ಹಾಕಿ ತೋರಿಸಿದರೆ, ಎಲ್ಲೆಲ್ಲಿ ಕಟ್ ಆಗಿದೆ ಎಂದು ಕೇಳಿಸಿದರೆ, ತಾಯಿಗೆ ತಿಳಿಯುತ್ತದೆ ಎಂದು ಅವಳ ಆಸೆ. ಕಮಲಾಕರ ತಲೆ ಎತ್ತದೆ, "ಅದರ ಮೇಲೆ ಆಗಲೇ ಗಣಪತಿ ಹಾಡು ತುಂಬಿಸಿ ಆತು," ಎಂದ. ರಿಕ್ಷಾ ಓಡಿಸಿದವನು ಆ ವಾರವೇ ಮುಂಬಯಿಗೆ ಹೋದ. ಸಾಕ್ಷಿ ಎಂಬುದು ಏನೂ ಉಳಿಯಲಿಲ್ಲ.

ಹೆಂಗಸರು ಕುಮಟೆಯ ಸೇತುವೆಯ ಆಚೆ, ನೆರಳಿಲ್ಲದ ರಸ್ತೆಯ ಅಂಚಿನಲ್ಲಿ ಬುಟ್ಟಿ ಇಟ್ಟುಕೊಂಡರು. ಹೊನ್ನಮ್ಮ ಮಗಳನ್ನು ಬೈಯಲಿಲ್ಲ, ಮನೆಯಿಂದ ಹೊರಗೂ ಹಾಕಲಿಲ್ಲ. ಆದರೆ ಬೆಳಿಗ್ಗೆ ನೀಲಾ ಬುಟ್ಟಿಗೆ ಕೈ ಹಾಕಿದಾಗ, "ನೀ ಬಿಡು," ಎಂದು ಬೇಲಿಯಾಚೆಯವಳನ್ನು ಕರೆದಳು. ಮಾರನೆಯ ದಿನವೂ ಕರೆದಳು. ಪಕ್ಕದವಳಿಗೆ ಹುಷಾರಿಲ್ಲದ ದಿನ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ತಾನೇ ಮೊಣಕಾಲೂರಿ ತಲೆ ಕೊಟ್ಟು, ಕತ್ತು ನಡುಗಿಸುತ್ತ ಎದ್ದಳು. ಮಗಳು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು.

ಅಂದು ನೀಲಾ ತೀರ್ಮಾನ ಮಾಡಿದಳು. ಶಾಪ ಹಾಕುವುದು, ಅಳುವುದು ಅವಳಿಗೆ ಸಾಲದೆನಿಸಿತು. ಅವನೇ ಹೇಳಬೇಕು. ಅವನ ಬಾಯಿಂದ, ಅವನ ಸ್ವರದಲ್ಲಿ, ಅವ್ವಿಯ ಕಿವಿಗೆ ಬೀಳುವ ಹಾಗೆ. ಹೇಳಿದ ಮೇಲೆ ಆ ಹೆಂಗಸರ ಹಾಗೇ ಅವನೂ ತನ್ನ ಜಾಗ ಬಿಟ್ಟು ಎದ್ದು ಹೋಗಬೇಕು. ಅಲ್ಲಿಯವರೆಗೆ ತನ್ನ ಸ್ವರವನ್ನು ಯಾರ ಕೆಲಸಕ್ಕೂ ಕೊಡುವುದಿಲ್ಲ.

ಆಮೇಲೆ ಅವಳು ಮಾಡಿದ್ದೆಲ್ಲ ಬಾಯಿಯಿಲ್ಲದ ಕೆಲಸ. ಮೊದಲು ಹೊನ್ನಾವರದಲ್ಲಿ ಕೇಬಲ್ ಟೀವಿಯ ಆಫೀಸು. ಸಿನಿಮಾದ ಕೆಳಗೆ ಓಡುವ ಜಾಹೀರಾತಿನ ಸಾಲುಗಳನ್ನು ಟೈಪು ಮಾಡುವುದು. ಕನ್ನಡ ಟೈಪಿಂಗನ್ನು ತಾನೇ ಕಲಿತಳು. ಒಂದು ತಪ್ಪು ಬಿದ್ದರೆ ಊರೆಲ್ಲ ನೋಡುತ್ತದೆ ಎಂದು ಪ್ರತಿ ಸಾಲನ್ನೂ ಹಿಂದಿನಿಂದ ಮುಂದಕ್ಕೆ ಒಮ್ಮೆ ಓದುತ್ತಿದ್ದಳು. ಬೇಕಾದರೆ ಅಲ್ಲಿ ಕಮಲಾಕರನ ಬಗ್ಗೆ ಒಂದು ಸಾಲು ಓಡಿಸಬಹುದಿತ್ತು. ಆದರೆ ಅಕ್ಷರವನ್ನು ಯಾರು ಬೇಕಾದರೂ ಬರೆಯಬಹುದು. ಅವ್ವಿಗೆ ಓದಲೂ ಬಾರದು. ನೀಲಾ ಕಾದಳು.

ಮೊಬೈಲು ಬಂದಾಗ ಅದೇ ಆಫೀಸಿನವರು ಅಂಗಡಿಗಳ ಪರವಾಗಿ ಮೆಸೇಜು ಕಳಿಸುವ ಕೆಲಸ ಹಿಡಿದರು. ಅದೂ ಅವಳಿಗೇ ಬಂತು. ಜನ ಮೆಸೇಜನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ, ಆದರೆ ಮೊದಲು ಯಾರು ಹೇಳಿದರು ಎಂಬುದು ಎರಡು ಫೋನು ದಾಟುವುದರೊಳಗೆ ಅಳಿಸಿಹೋಗುತ್ತದೆ. ಅದೂ ಅವಳ ಕೆಲಸಕ್ಕೆ ಬರುವಂಥದ್ದಲ್ಲ.

ಭಟ್ಕಳಕ್ಕೆ ಅವಳು ಬಂದದ್ದು ಎರಡು ಸಾವಿರದ ಐದರಲ್ಲಿ. ಮುಜಾಫರ್ ಸಾಹೇಬರ ಸೆಂಟರಿನಲ್ಲಿ ಹೆಂಗಸರು ದುಬೈ, ಕುವೈತಿನಲ್ಲಿದ್ದ ಗಂಡಂದಿರ ಜೊತೆ ಕಂಪ್ಯೂಟರಿನಲ್ಲಿ ಮಾತಾಡಲು ಬರುತ್ತಿದ್ದರು. ಅವರಿಗೆ ಹೆಡ್‌ಫೋನು ಹಾಕಿಕೊಡಲು ಒಬ್ಬ ಹುಡುಗಿ ಬೇಕಿತ್ತು. ಅಲ್ಲೇ ಅವಳಿಗೆ ಆರ್ಕುಟ್ ಎಂಬ ಜಾಲತಾಣ ಸಿಕ್ಕಿತು. ಊರು ಬಿಟ್ಟವರೆಲ್ಲ ಅಲ್ಲಿ ತಮ್ಮ ಹೆಸರು, ಮುಖದ ಸಮೇತ ಕೂತಿದ್ದರು. ಯಾರು ಏನು ಹೇಳಿದರೂ ಅದು ಅವರ ಹೆಸರಿನ ಕೆಳಗೇ ಉಳಿಯುತ್ತಿತ್ತು. ನೀಲಾ ಅದನ್ನು ಬಹಳ ಹೊತ್ತು ನೋಡಿದಳು.

ಮೊದಲು ಒಂದು ಬೇಕರಿಯ ಹೆಸರಿನಲ್ಲಿ ಆರ್ಕುಟ್ ಗುಂಪು ಮಾಡಿದಳು. ಬಿಸ್ಕತ್ತಿನ ದರ ಹಾಕಿದರೆ ಯಾರೂ ತಿರುಗಿಯೂ ನೋಡಲಿಲ್ಲ. ಒಂದು ದಿನ ತನ್ನ ಕೋಣೆಯಲ್ಲಿ ಕಾವಲಿಯ ಮೇಲಿದ್ದ ಎರಡು ಬಂಗಡೆಯ ಫೋಟೋ ಹಾಕಿ, "ಇವತ್ತು ಊರಲ್ಲಿ ಇದು," ಎಂದಷ್ಟೇ ಬರೆದಳು. ಕುವೈತಿನಿಂದ, ಮುಂಬಯಿಯಿಂದ, ಮಸ್ಕತ್ತಿನಿಂದ ಉತ್ತರಗಳು ಬಂದವು. ಒಬ್ಬ, "ತಂಗಿ, ಹೊಟ್ಟೆ ಉರಿಸಬೇಡ," ಎಂದ. ಆ ಗಂಡಸರು ಊರಿನ ತಮ್ಮ ಮನೆಯವರಿಗೆ ಹೇಳಿ ಬೇಕರಿಗೆ ಕಳಿಸಿದರು. ಜಾಹೀರಾತಿಗೆ ಜನ ಬರುವುದಿಲ್ಲ, ಕತೆಗೆ ಬರುತ್ತಾರೆ ಎಂದು ಅವಳು ಕಲಿತಳು. ಬೇಕರಿಯ ನಂತರ ಬಟ್ಟೆ ಅಂಗಡಿ, ಸ್ಟುಡಿಯೋ, ಚಿನ್ನದ ಅಂಗಡಿ ಎಲ್ಲ ಬಂದವು. ಆ ಕೆಲಸಕ್ಕೆ ಇನ್ನೂ ಹೆಸರು ಇರಲಿಲ್ಲ. ಸಾಹೇಬರು 'ಆರ್ಕುಟ್ ಖಾತೆ' ಎನ್ನುತ್ತಿದ್ದರು, ಸರಕಾರದ ಇಲಾಖೆಯೋ ಎಂಬಂತೆ.

ಎರಡು ಸಾವಿರದ ಎಂಟರ ಬೇಸಿಗೆಗೆ ಮೊದಲು ಕಮಲಾಕರ ಸೆಂಟರಿನ ಮೆಟ್ಟಿಲು ಹತ್ತಿ ಬಂದ.

ಹೊಟ್ಟೆ ಬಂದಿತ್ತು, ಕೂದಲಿಗೆ ಕಪ್ಪು ಬಣ್ಣ ಹಾಕಿದ್ದ. ಅವಳನ್ನು ಕಂಡವನೇ, "ಅರೆ, ನೀಲಾ," ಎಂದು ಸಾಹೇಬರ ಕಡೆ ತಿರುಗಿ, "ಇದು ನನ್ನ ಕೈಯಲ್ಲಿ ತಯಾರಾದ ಹುಡುಗಿ," ಎಂದ. ಹೊನ್ನಾವರದ ಸೇತುವೆಗಿಂತ ಸ್ವಲ್ಪ ಈಚೆ ಹೆದ್ದಾರಿಗೆ ತಾಗಿ ದೊಡ್ಡ ಮೀನೂಟದ ಹೋಟೆಲು ಕಟ್ಟಿಸಿದ್ದಾನಂತೆ. ರಜೆಗೆ ಊರಿಗೆ ಬರುವ ಗಲ್ಫಿನವರು, ಮುಂಬಯಿಯವರು ಎಲ್ಲ ಅಲ್ಲಿಗೇ ಬರಬೇಕು. ಅವರೆಲ್ಲ ಆರ್ಕುಟಿನಲ್ಲಿದ್ದಾರೆ, ಆರ್ಕುಟಿಗೆ ಭಟ್ಕಳದ ಹುಡುಗಿಯೇ ಸರಿ ಎಂದು ಯಾರೋ ಹೇಳಿದರಂತೆ.

"ಮಾಡ್ತ್ಯಲ್ಲ?"

"ಮಾಡ್ತೆ," ಎಂದಳು ನೀಲಾ.

"ಎಂತ, ಸ್ವರ ಬಿದ್ದು ಹೋತಾ ನಿಂದು?"

"ಹೌದು. ಸ್ವಲ್ಪ."

ಅವಳು ಆ ಕೆಲಸವನ್ನು ತಾನು ಹಿಂದೆಂದೂ ಮಾಡದಷ್ಟು ಚೆನ್ನಾಗಿ ಮಾಡಿದಳು. ಅವನ ಹೆಸರು ದೊಡ್ಡದಾಗಬೇಕಿತ್ತು. ಯಾರಿಗೂ ಗೊತ್ತಿಲ್ಲದವನನ್ನು ಬೀಳಿಸಿದರೆ ಸದ್ದಾಗುವುದಿಲ್ಲ. ಹೋಟೆಲಿನ ಹೆಸರಿನ ಗುಂಪಿಗೆ ದಿನಕ್ಕೊಂದು ಫೋಟೋ ಹಾಕಿದಳು. ಬಾಳೆಲೆಯ ಮೇಲೆ ಇಸ್ವಾಣ ಮೀನಿನ ತುಂಡು, ತೆಂಗಿನಕಾಯಿ ಅರೆಯುವ ಕಲ್ಲು, ಕಮಲಾಕರ ಬೋರ್ಡಿನ ಕೆಳಗೆ ನಗುತ್ತ ನಿಂತದ್ದು. ಬಂದ ಪ್ರತಿ ಮಾತಿಗೂ ಉತ್ತರ ಬರೆದಳು. ಯಾರ ತಾಯಿಗೆ ಕಾಯಿಲೆ, ಯಾರಿಗೆ ಮಗು ಆಯಿತು ಎಂಬುದನ್ನು ನೆನಪಿಟ್ಟು ವಿಚಾರಿಸಿದಳು. ಗುಂಪು ಸಾವಿರಗಟ್ಟಲೆ ಬೆಳೆಯಿತು. "ಮೇ ತಿಂಗಳ ಉದ್ಘಾಟನೆಗೆ ಸರಿಯಾಗಿ ರಜೆ ಹಾಕಿದ್ದೇನೆ," ಎಂದು ಎಷ್ಟೋ ಜನ ಬರೆದರು. ಕಮಲಾಕರ ವಾರವಾರ ಬಂದು ಪರದೆಯ ಮುಂದೆ ಕೂತು ತನ್ನ ಮುಖವನ್ನು ತಾನೇ ನೋಡಿ ಸಂತೋಷಪಡುತ್ತಿದ್ದ.

ಉದ್ಘಾಟನೆಗೆ ಇನ್ನೊಂದು ವಾರ ಇರುವಾಗ ನೀಲಾ ಹೇಳಿದಳು, "ಸಾವ್ಕಾರ್ರೆ, ನಿಮ್ಮ ಸ್ವರದಲ್ಲೇ ಒಂದು ಮಾತು ಹಾಕುವ. ದೂರ ಇದ್ದವರಿಗೆ ಊರಿನ ಸ್ವರ ಕೇಳಿದರೆ ಸಂತೋಷ."

ಅವನಿಗೆ ಅದು ಹಿಡಿಸಿತು. ಹೆಡ್‌ಫೋನು ಹಾಕಿಕೊಂಡು ಬಾಯಿಯ ಮುಂದಿನ ಮೈಕನ್ನು ತಾನೇ ಸರಿಮಾಡಿಕೊಂಡ. ಬನ್ನಿ, ಉಣ್ಣಿ, ಹರಸಿ ಎಂದು ಹೇಳಿ ಮುಗಿಸಿದ. ಪರದೆಯಲ್ಲಿ ಸ್ವರದ ಹಸಿರು ಗೆರೆ ಇನ್ನೂ ಏಳುತ್ತ ಬೀಳುತ್ತ ಇತ್ತು.

"ಇಷ್ಟಕ್ಕೆ ಜನ ನಿಲ್ಲುದಿಲ್ಲ. ಕತೆ ಬೇಕು," ಎಂದಳು ನೀಲಾ. "ನೀವು ಮೈಕಿನ ಅಂಗಡಿಯಿಂದ ಹೇಗೆ ಮೇಲೆ ಬಂದ್ರಿ, ಅದನ್ನು ಹೇಳಿ. ಆ ಗೋಳಿಮರದ ಜಾಗ ಸಿಕ್ಕಿದ್ದು."

ಕಮಲಾಕರ ಮರೆತಿರಬಹುದು ಎಂಬ ಹೆದರಿಕೆ ಅವಳಿಗಿತ್ತು. ಅವನು ಮರೆತಿರಲಿಲ್ಲ. ಅದು ಅವನ ಪಾಲಿಗೆ ಒಳ್ಳೆಯ ತಮಾಷೆಯಾಗಿ ಉಳಿದಿತ್ತು. ಕುರ್ಚಿಗೆ ಒರಗಿ ಹೊಟ್ಟೆ ಕುಣಿಸಿ ನಕ್ಕ.

"ಅಯ್ಯೋ, ಆ ಮೀನಿನ ಹೆಂಗಸ್ರು. ನೋಟಿಸಿಗೆ ಏಳಲಿಲ್ಲ, ಬೈದ್ರೆ ಏಳಲಿಲ್ಲ. ಆಗ ನನ್ನ ಹತ್ರ ಇದೇ ನೀಲಾಳ ಸ್ವರ ಇತ್ತು. ಫಿನಾಯಿಲಿನ ಕ್ಯಾಸೆಟ್ಟಿಂದ ವಾಸನೆ ತೆಗ್ದೆ, ಹೋಟೆಲಿಂದು ಮೀನು ತೆಗ್ದೆ, ದರ್ಜಿ ಅಂಗಡಿದು ಗೋಳಿಮರ ತೆಗ್ದೆ. ಜೋಡಿಸಿ ರಿಕ್ಷಾದಲ್ಲಿ ಬಿಟ್ಟೆ. ಮಧ್ಯಾಹ್ನದೊಳಗೆ ಜಾಗ ಖಾಲಿ."

"ನಂಗೆ ಗೊತ್ತಿತ್ತಾ?" ಎಂದಳು ನೀಲಾ. ಅವಳ ಸ್ವರ ಮೈಕಿಗೆ ತಾಗುವಷ್ಟು ಮಾತ್ರ ಇತ್ತು.

"ನಿಂಗೆಲ್ಲಿ ಗೊತ್ತು? ನಿನ್ನನ್ನು ಹೊನ್ನಾವರಕ್ಕೆ ಕಳಿಸಿ ಆಗಿತ್ತಲ್ಲ. ನಿನ್ನ ಅವ್ವಿಗೇ ಗೊತ್ತಾಗಲಿಲ್ಲ. ಮೀನು ಮಾರುವವಕ್ಕೆ ಮೂಗು ಇಲ್ಲ ಹೇಳಿ ಗೊತ್ತಿತ್ತು, ಕಿವಿಯೂ ಇಲ್ಲ ಹೇಳಿ ಅವತ್ತು ಗೊತ್ತಾತು."

ನೀಲಾ ರೆಕಾರ್ಡಿಂಗ್ ನಿಲ್ಲಿಸಿದಳು. "ಇದನ್ನು ಹೀಗೇ ಹಾಕಲಾ, ಅಲ್ಲ ಕತ್ತರಿಸಲಾ?"

"ಹೀಗೇ ಹಾಕು. ಜನ ಸ್ವಲ್ಪ ನಗಲಿ."

ಅವನು ಹೋದ ಮೇಲೆ ಅವಳು ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಒಂದು ಉಸಿರನ್ನೂ ತೆಗೆಯಲಿಲ್ಲ. ನಡುವೆ ಅವನು ಕೆಮ್ಮಿದ್ದನ್ನೂ ಹಾಗೇ ಬಿಟ್ಟಳು. ಹೋಟೆಲಿನ ಬೋರ್ಡಿನ ಕೆಳಗೆ ಅವನು ನಿಂತ ಫೋಟೋವನ್ನು ಮೇಲಿಟ್ಟು, ಸ್ವರವನ್ನು ಕೆಳಗೆ ಸೇರಿಸಿ ಯೂಟ್ಯೂಬಿಗೆ ಏರಿಸಿ, ಗುಂಪಿನಲ್ಲಿ ಅದರ ಲಿಂಕು ಹಾಕಿ, "ನಮ್ಮ ಮಾಲಕರ ಮಾತು, ಅವರದೇ ಸ್ವರದಲ್ಲಿ," ಎಂದು ಬರೆದಳು. ಆಮೇಲೆ ಒಂದು ಸೀಡಿಗೂ ತುಂಬಿಸಿಕೊಂಡಳು.

ಸಾಹೇಬರು ಹೆಡ್‌ಫೋನು ತೆಗೆದಿಟ್ಟು ಅವಳನ್ನು ನೋಡಿದರು. "ಬೇಟಿ, ಇವನು ನಮ್ಮ ಗಿರಾಕಿ."

"ಗಿರಾಕಿ ಹೇಗೆ ಹೇಳಿದ್ರೋ ಹಾಗೇ ಮಾಡಿದ್ದೇನೆ ಸಾಹೇಬರೆ."

"ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಕೊಂಡು ನನ್ನ ಸೆಂಟರಿನಲ್ಲಿ ಕೂತಿದ್ದೆಯಾ?" ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ನಿನಗೆ ಸಿಟ್ಟು ಬರುವ ಕೆಲಸ ನಾನು ಏನಾದರೂ ಮಾಡಿದ್ದರೆ ಈಗಲೇ ಹೇಳಿಬಿಡು," ಎಂದರು.

ಕುವೈತಿಗೆ, ಮುಂಬಯಿಗೆ ಮಾತು ಮುಟ್ಟಿತು. ಆದರೆ ಸೇತುವೆಯ ಆಚೆ ಬಿಸಿಲಿನಲ್ಲಿ ಕೂತವರಿಗೆ ಆರ್ಕುಟ್ ಇರಲಿಲ್ಲ. ಅವಳಿಗೆ ಬೇಕಾದ ಕಿವಿ ಅಲ್ಲಿತ್ತು. ಶುಕ್ರವಾರ ಬೆಳಿಗ್ಗೆ ನೀಲಾ ಕುಮಟೆಗೆ ಹೋಗಿ ರಿಕ್ಷಾ ಓಡಿಸುವ ತನ್ನ ಸೋದರಮಾವ ತಿಮ್ಮನನ್ನು ಹಿಡಿದಳು. ಕೇರಿಯಲ್ಲಿ ಅವಳ ಜೊತೆ ಮೊದಲಿನಂತೆ ಮಾತಾಡುತ್ತಿದ್ದವನು ಅವನೊಬ್ಬನೇ.

"ಮಾವ, ರಿಕ್ಷಾದ ಮೇಲೆ ಲೌಡ್ ಸ್ಪೀಕರ್ ಕಟ್ಟುಕೆ ಆಗ್ತದಾ?"

"ಈಗ ಯಾರೆ ಅದೆಲ್ಲ ಕಟ್ತರು? ಎಲ್ಲ ಫೋನಲ್ಲೇ ಆಗ್ತದಲ್ಲ, ನಿನ್ನ ಕೆಲ್ಸ."

"ಇದು ಫೋನಲ್ಲಿ ಆಗುದಲ್ಲ."

ಸೇತುವೆಯ ಆಚೆ ಹೆಂಗಸರು ಆಗಷ್ಟೇ ಬುಟ್ಟಿ ಇಳಿಸುತ್ತಿದ್ದರು. ತಿಮ್ಮ ರಿಕ್ಷಾ ನಿಲ್ಲಿಸಿ ಸೀಡಿ ಹಾಕಿದ. ಕಮಲಾಕರನ ನಗು ರಸ್ತೆಯ ತುಂಬ ಹರಡಿತು. ಹೆಂಗಸರು ಮೊದಲು ಮಾಡಿದ್ದು ಒಂದೇ. ಎದ್ದು ಬಂದು ರಿಕ್ಷಾದೊಳಗೆ ಬಗ್ಗಿ ನೋಡಿದರು, ಕಮಲಾಕರ ಎಲ್ಲಿ ಅಡಗಿ ಕೂತಿದ್ದಾನೆ ಎಂದು. ಕಂಡದ್ದು ನೀಲಾ, ಬಾಯಿ ಮುಚ್ಚಿಕೊಂಡು.

"ಅಂವ ಎಲ್ಲಿದ್ದ?"

"ಹೋಟ್ಲಲ್ಲಿದ್ದ. ಇದು ಅವನ ಸ್ವರ ಮಾತ್ರ," ಎಂದಳು ನೀಲಾ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಿ ಇಲ್ಲದ ಕಡೆಯಲ್ಲೂ ಸ್ವರ ಇರಬಹುದು ಎಂಬುದು ಅವರಿಗೆ ಅಂದು ಹೊಳೆಯಿತು. ಫಿನಾಯಿಲಿನ ಮಾತು ಬಂದಾಗ ಯಾರೋ ನೆಲಕ್ಕೆ ಉಗಿದರು.

ಹೊನ್ನಮ್ಮ ಮಾತ್ರ ತನ್ನ ಜಾಗ ಬಿಟ್ಟು ಎದ್ದಿರಲಿಲ್ಲ. "ಮತ್ತೊಂದ್ಸಲ ಹಾಕು," ಎಂದಳು. ತಿಮ್ಮ ಹಾಕಿದ. "ಮತ್ತೊಂದ್ಸಲ." ಮೂರನೆಯ ಸಲ, 'ನಿನ್ನ ಅವ್ವಿಗೇ ಗೊತ್ತಾಗಲಿಲ್ಲ' ಎಂಬಲ್ಲಿ ಕೈ ಎತ್ತಿ, ನಿಲ್ಸು ಎಂದಳು. ಬುಟ್ಟಿಯ ಮೀನಿನ ಮೇಲೆ ನೀರು ಚಿಮುಕಿಸಿದಳು. ಬಹಳ ಹೊತ್ತು ಚಿಮುಕಿಸಿದಳು.

"ಹೊಳೆಗದ್ದೆ ಬದಿಗೆ ಹೋಗುಕದೆ ನಂಗೆ," ಎಂದಳು ಕೊನೆಗೆ, ಯಾರ ಕಡೆಗೂ ನೋಡದೆ. "ಬುಟ್ಟಿ ಎತ್ತು."

ಪಕ್ಕದವಳು ಬಗ್ಗಿದಳು. "ನೀ ಅಲ್ಲ," ಎಂದಳು ಹೊನ್ನಮ್ಮ.

ನೀಲಾ ಇಳಿದು ಬಂದು ಬುಟ್ಟಿ ಎತ್ತಿಕೊಟ್ಟಳು. ತಾಯಿಯ ಕತ್ತು ಈಗ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಅದನ್ನು ಕಂಡಾಗ ಅವಳ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು.

ಗಂಗಜ್ಜಿ ಸೆರಗು ಬಿಗಿದು ನಡುರಸ್ತೆಯಲ್ಲಿ ನಿಂತಳು. "ಕೇಳ್ರೆ ಇಲ್ಲಿ. ಕಮಲಾಕರನ ಕೈಗೆ ಇನ್ನು ಬೋಣಿ ಇಲ್ಲ. ಇಲ್ಲೂ ಇಲ್ಲ, ಹೊನ್ನಾವರದ ಕಾಸರಕೋಡಲ್ಲೂ ಇಲ್ಲ, ಭಟ್ಕಳದಲ್ಲೂ ಇಲ್ಲ. ಹೇಳಿ ಕಳ್ಸಿ."

ಬೋಣಿಗೆ ಆಗದ ಕೈಯಿಂದ ಮಧ್ಯಾಹ್ನವೂ ಯಾರೂ ಹಣ ಮುಟ್ಟುವುದಿಲ್ಲ. ಅಂಥವನಿಗೆ ಮೀನು ಕೊಟ್ಟ ಬುಟ್ಟಿಯ ಹತ್ತಿರ ಉಳಿದವರು ಕೂರುವುದಿಲ್ಲ. ಮಾತು ಮೀನಿನ ಟೆಂಪೋಗಳಲ್ಲಿ, ಖಾಲಿ ಬುಟ್ಟಿಗಳ ಜೊತೆ, ಬಸ್ಸಿನ ಹಿಂದಿನ ಸೀಟಿನಲ್ಲಿ ಹೊರಟಿತು. ಸಂಜೆಯೊಳಗೆ ಅದು ಭಟ್ಕಳ ಮುಟ್ಟಿತ್ತು. ಆರ್ಕುಟ್ ಅಷ್ಟು ಬೇಗ ಓಡುವುದನ್ನು ನೀಲಾ ಕಂಡಿರಲಿಲ್ಲ.

ಭಾನುವಾರ ಉದ್ಘಾಟನೆ. ಬೆಳಿಗ್ಗೆ ಕಮಲಾಕರನ ಆಳುಗಳು ಖಾಲಿ ಪೆಟ್ಟಿಗೆ ಹಿಡಿದು ವಾಪಸು ಬಂದರು. ಅವನು ತಾನೇ ಕಾರು ತೆಗೆದುಕೊಂಡು ಹೊನ್ನಾವರದ ಬಂದರಿಗೆ ಹೋದ. ಅವನನ್ನು ಕಂಡಕೂಡಲೇ ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿಗೆ ಬಟ್ಟೆ ಮುಚ್ಚಿದರು. ದೋಣಿಯವರು, "ನಾವು ಅವಕ್ಕೆ ಕೊಟ್ಟಾತು, ಅವರ ಹತ್ರವೇ ಕೇಳಿ," ಎಂದು ಬಲೆ ಮಡಚಿದರು. ಅಲ್ಲಿಂದ ಕುಮಟೆಯ ಸೇತುವೆಗೆ ಬಂದ.

"ಗಂಗಜ್ಜಿ, ಹೇಳಿದ ದರ ಕೊಡ್ತೆ."

"ಎಂತ ಸಾವ್ಕಾರ್ರೆ? ಕೇಳುದಿಲ್ಲ. ನಮಗೆ ಕಿವಿ ಇಲ್ಲ," ಎಂದಳು ಗಂಗಜ್ಜಿ. ಸುತ್ತಲಿನವರು ಮೂಗಿಗೆ ಸೆರಗು ಹಿಡಿದು ಅವನನ್ನೇ ನೋಡಿದರು.

ಹೋಟೆಲಿನ ಮುಂದೆ ಕಾರುಗಳು ಸಾಲಾಗಿ ನಿಂತವು. ರಜೆಗೆ ಬಂದವರು ಹೆಂಡತಿ ಮಕ್ಕಳ ಸಮೇತ ಬಾಳೆಲೆಯ ಮುಂದೆ ಕೂತರು. ಎಲೆಗೆ ಬಿದ್ದದ್ದು ಬದನೆಕಾಯಿ ಸಾಂಬಾರು, ಬೀನ್ಸ್ ಪಲ್ಯ. ಮೀನೂಟದ ಹೋಟೆಲಿನಲ್ಲಿ ಬದನೆಕಾಯಿ ಉಂಡ ಫೋಟೋವನ್ನು ಯಾರೋ ಕುಳಿತಲ್ಲೇ ತೆಗೆದರು. ಕುವೈತಿನಿಂದ ಬಂದಿದ್ದವನೊಬ್ಬ ಕೈ ತೊಳೆದು ಬಂದು ಹಣದ ಗಲ್ಲೆಯ ಹತ್ತಿರ ನಿಂತು, ತುಂಬ ಮರ್ಯಾದೆಯಿಂದ, "ಮಾಲಕರೆ, ನಮ್ಮ ಅಮ್ಮನೂ ಮೀನು ಮಾರಿಯೇ ನಮ್ಮನ್ನು ಓದಿಸಿದ್ದು. ಅವಳ ಕಿವಿ ಚೆನ್ನಾಗಿಯೇ ಇತ್ತು," ಎಂದ. ಹಿಂದಿನ ಸಾಲಿನವರು ಎದ್ದರು. ಅವರನ್ನು ನೋಡಿ ಮುಂದಿನವರೂ ಎದ್ದರು.

ಅದೇ ಹೊತ್ತಿಗೆ ಹೊರಗೆ ರಸ್ತೆಯಲ್ಲಿ ಒಂದು ಸ್ವರ ಎದ್ದಿತು. ಕರಾವಳಿಯವರು ಒಂಬತ್ತು ವರ್ಷದಿಂದ ಕೇಳದ ಸ್ವರ.

"ಮಹಿಳೆಯರೇ, ಮಹನೀಯರೇ, ದಯವಿಟ್ಟು ಗಮನಿಸಿ. ಈ ಹೋಟೆಲಿನಲ್ಲಿ ಇಂದು ಮೀನು ಇಲ್ಲ. ನಾಳೆಯೂ ಇಲ್ಲ. ಮಾಲಕರ ಬಾಯಿಂದಲೇ ಕಾರಣ ಕೇಳಿ." ಅದರ ಹಿಂದೆ ಕಮಲಾಕರನ ನಗು. ರಿಕ್ಷಾ ಹೋಟೆಲಿನ ಮುಂದೆ ನಿಧಾನ ಹೋಗಿ, ತಿರುಗಿ, ಮತ್ತೆ ಬಂತು.

ಕಮಲಾಕರ ಹೊರಗೆ ಓಡಿಬಂದು ರಿಕ್ಷಾಕ್ಕೆ ಅಡ್ಡ ನಿಂತ. ಅಂಗಿ ಬೆವರಿಗೆ ಒದ್ದೆಯಾಗಿತ್ತು. "ತಿಮ್ಮಾ, ಬಂದ್ ಮಾಡೊ ಆ ಕ್ಯಾಸೆಟ್ಟು. ಅದರ ಸ್ವರ ಎಲ್ಲಿಂದ ತಂದೆ ನೀನು?"

ಅವನು ಬಗ್ಗಿ ಒಳಗೆ ನೋಡಿದ. ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ನೀಲಾ ಕೂತಿದ್ದಳು.

"ಇದು ಕ್ಯಾಸೆಟ್ ಅಲ್ಲ ಸಾವ್ಕಾರ್ರೆ," ಎಂದಳು ಮೈಕಿನಲ್ಲೇ. ಆ ಮಾತು ಅವನ ಹೋಟೆಲಿನ ಗೋಡೆಗೆ ಬಡಿದು ವಾಪಸು ಬಂತು.

"ಸಾಕು ಮಾಡೆ ತಂಗಿ," ಎಂದ ಅವನು ದನಿ ತಗ್ಗಿಸಿ. "ನನ್ನ ಹೆಸರು ಹೋತು. ಆ ಗೋಳಿಮರದ ಕಟ್ಟಡದಲ್ಲಿ ನಿನ್ನ ಅವ್ವಿಗೆ ಒಂದು ಕಟ್ಟೆ ಹಾಕಿ ಕೊಡ್ತೆ. ಇನ್ನೆಂತ ಬೇಕು ನಿಂಗೆ?"

ನೀಲಾ ಅವನ ಮುಖವನ್ನು ಸರಿಯಾಗಿ ನೋಡಿದಳು. ಇಷ್ಟು ವರ್ಷ ಮನಸ್ಸಿನಲ್ಲಿ ಎಷ್ಟೋ ಸಲ ನೋಡಿಕೊಂಡ ಮುಖ. ಇದನ್ನು ಕಂಡಾಗ ತನಗೆ ಸ್ವಲ್ಪವಾದರೂ ಪಾಪ ಎನಿಸಬಹುದು ಎಂದು ಅವಳು ಹೆದರಿದ್ದಳು. ಅನಿಸಲಿಲ್ಲ.

"ಸರೀರಿ. ದಾರಿ ಬಿಡಿ," ಎಂದಳು.

ಅವನು ಸರಿದ. ತಿಮ್ಮ ರಿಕ್ಷಾವನ್ನು ಹೆದ್ದಾರಿಗೆ ಹಾಕಿ, ಕನ್ನಡಿಯಲ್ಲಿ ಸೋದರಸೊಸೆಯನ್ನು ನೋಡಿದ. "ಆತಲ್ಲೆ. ಇನ್ನು ಮನಿಗೆ ಹೋಗುವನಾ?"

ನೀಲಾ ಗಂಟಲು ಸರಿಮಾಡಿಕೊಂಡಳು. ಬಹಳ ದಿನದ ನಂತರ ಜೋರಾಗಿ ಮಾತಾಡಿ ಅದು ಉರಿಯುತ್ತಿತ್ತು.

"ಇನ್ನೊಂದು ಸುತ್ತು ಹೊಡಿ ಮಾವ," ಎಂದಳು.